ಎರಡೂ ಚೀಟಿಯಲ್ಲಿ ಬೇಡ

ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಮುದ್ದೆ ತಿರುವುತ್ತಿದ್ದಾಗ ಬಲಗೈ ಸತ್ತಂತಾಯಿತು, ಬಾಯಿ ಸೊಟ್ಟಗಾಯಿತು. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಗ್ಯಾಸ್ ಇರಬೇಕು ಎಂದೆ. ಮಗ ಕೇಳಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋದ.

ಮಿದುಳಿಗೆ ರಕ್ತ ಹೋಗುವ ಕತ್ತಿನ ನಾಳ ಕಟ್ಟಿಕೊಂಡಿದೆ, ಕೊಯ್ದು ಶುಚಿ ಮಾಡಬೇಕು, ಬಿಟ್ಟರೆ ದೊಡ್ಡ ಸ್ಟ್ರೋಕ್ ಆಗಬಹುದು ಎಂದರು ಡಾಕ್ಟರು. ಆಪರೇಷನ್ನಿನಲ್ಲೇ ಸ್ಟ್ರೋಕ್ ಆಗುವುದೂ ಉಂಟಂತೆ. ಅಪರೂಪ, ಆದರೆ ಉಂಟು.

"ನಂಗೆ ಯಾವುದಾಗುತ್ತೆ?"

"ಅದನ್ನ ಯಾರೂ ಹೇಳಕ್ಕಾಗಲ್ಲಮ್ಮ. ಮಾಡಿಸಿದ್ರೆ ಒಳ್ಳೇದು ಅಂತ ನನ್ನ ಅಭಿಪ್ರಾಯ. ಬೇಗ ತೀರ್ಮಾನ ಮಾಡಿ."

ಸಾವಿಗೆ ಹೆದರುವವಳಲ್ಲ ನಾನು. ಹಾಸಿಗೆ ಹಿಡಿದು ಸೊಸೆ ಕೈಲಿ ತೊಳೆಸಿಕೊಳ್ಳುವುದಕ್ಕೆ ಹೆದರುತ್ತೇನೆ. ಮಾಡಿಸಿದರೂ ಆ ಹಾಸಿಗೆ ಬರಬಹುದು, ಬಿಟ್ಟರೂ ಬರಬಹುದು.

ಮೂರು ದಿನ ಮನೆಯಲ್ಲಿ ಇದೇ ಮಾತು. ಕೊನೆಗೆ ಮಗ ದೇವರ ಮುಂದೆ ಚೀಟಿ ಹಾಕೋಣ ಎಂದ. ಹೆಣ್ಣು ತರುವುದಕ್ಕೂ ಸೈಟು ಕೊಳ್ಳುವುದಕ್ಕೂ ನಮ್ಮಲ್ಲಿ ಹೀಗೆಯೇ: ಒಂದರಲ್ಲಿ ಬೇಕು, ಇನ್ನೊಂದರಲ್ಲಿ ಬೇಡ. ನಾನೇ ಬರೆಯುತ್ತೇನೆ ಎಂದೆ. ಓದಿದ್ದು ಮೂರನೇ ಕ್ಲಾಸು, ಅಷ್ಟಕ್ಕೆ ಸಾಕು. ಎರಡರಲ್ಲೂ ಬೇಡ ಎಂದು ಬರೆದೆ. ಕತ್ತಿಗೆ ಚಾಕು ಹಾಕಿಸಿಕೊಳ್ಳುವ ಧೈರ್ಯ ಇರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ.

ಮಾರೇನಹಳ್ಳಿಯ ಗುಡಿಯಲ್ಲಿ ಮಗ ಒಂದನ್ನು ಎತ್ತಿದ. ಇನ್ನೊಂದನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ನನಗೆ ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಲೋಟ ಹಿಡಿದಾಗಲೆಲ್ಲ ಬೆರಳು ನೋಡಿಕೊಳ್ಳುತ್ತಿದ್ದೆ.

ಎಂಟನೇ ದಿನ ಹಾಲಿನ ಪ್ಯಾಕೆಟ್ ಕೈಜಾರಿತು, ನಾಲಿಗೆ ತೊದಲಿತು. ಸ್ವಲ್ಪ ಹೊತ್ತಿಗೆ ಅದೂ ಸರಿಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ಆಪರೇಷನ್ನಿಗೆ ಏನು ತೀರ್ಮಾನ ಮಾಡಿದಿರಿ ಎಂದು ಕೇಳಿದರು.

"ದೇವ್ರೇ ಬೇಡ ಅಂದಿದೆ ಸಾರ್, ಹೆಂಗೆ ಮೀರೋದು?" ಎಂದ ಮಗ.

ಇನ್ನು ಸುಮ್ಮನಿರಲು ಆಗಲಿಲ್ಲ. "ದೇವ್ರಲ್ಲ ಕಣೋ, ನಾನು. ಎರಡರಲ್ಲೂ ಬೇಡ ಅಂತ ಬರ್ದಿದ್ದೆ."

ಸೊಸೆ, "ಚೆನ್ನಾಗಿದೆ ಅತ್ತೆ. ನಾನು ಆ ಚೀಟಿಗೆ ಅಂತ ನೂರೆಂಟು ಪ್ರದಕ್ಷಿಣೆ ಬೇರೆ ಹಾಕ್ದೆ" ಎಂದಳು.

"ಈಗೇನ್ ಮಾಡೋದು, ನೀನೇ ಹೇಳಮ್ಮ" ಎಂದ ಮಗ.

ಇನ್ನೊಂದು ಸಲ ದೇವರ ಮುಂದೆ ಹೋಗಲು ಮುಖವಿರಲಿಲ್ಲ. ಹೆದರಿಕೆ ಒಂದು ಚೂರೂ ಇಳಿದಿರಲಿಲ್ಲ. ಮಾಡಿಸು ಎಂದೆ. ಒಪ್ಪಿಗೆ ಕಾಗದದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕತೊಡಗಿದೆ.

"ಹೆಬ್ಬೆಟ್ಟು ಒತ್ತುತೀರಾ ಅಜ್ಜಿ?" ಎಂದಳು ನರ್ಸ್.

"ಬರೆಯೋಕೆ ಬರುತ್ತೆ ಕಣೇ, ಸುಮ್ನಿರು."