ಶನಿವಾರದ ಖಾರದ ಮುದ್ದೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ನನ್ನ ಮೈದುನ ಶ್ರೀನಿವಾಸಪುರದಲ್ಲಿ ಎಣ್ಣೆ ಇಂಜಿನ್ನಿನ ಹಿಟ್ಟಿನ ಗಿರಣಿ ಹಾಕಿದ. ಇಪ್ಪತ್ತೆರಡರ ಹುಡುಗ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವನಿಗಿಂತ ಹೆಚ್ಚು ಹಿಗ್ಗಿದವಳು ನಾನು. ಮದುವೆಯಾಗಿ ಬಂದಾಗಿನಿಂದ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸಿ ಬೀಸಿ ನನ್ನ ಅಂಗೈ ಜಡ್ಡುಗಟ್ಟಿತ್ತು. ಬೀಸುವ ಕಲ್ಲನ್ನು ಹಿತ್ತಿಲಿಗೆ ಉರುಳಿಸಿದ ದಿನ ಮನಸಾರೆ ನಕ್ಕೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಬಂದ ಗಿರಾಕಿಯನ್ನು ಬಿಡಬಾರದೆಂಬ ಆತುರದಲ್ಲಿ ಮೈದುನ ಒಂದು ಬೆಳಿಗ್ಗೆ ಯಾರದೋ ಒಣಮೆಣಸಿನಕಾಯಿ ಪುಡಿಮಾಡಿ ಕೊಟ್ಟು, ಅದೇ ಗಿರಣಿಗೆ ಕೆರೆ ಬೀದಿಯ ಅಜ್ಜಿಯ ರಾಗಿ ಸುರಿದ. ಆ ಮನೆಯ ಮಕ್ಕಳು ಮುದ್ದೆ ಬಾಯಿಗಿಟ್ಟು ಅತ್ತವಂತೆ. ಅಜ್ಜಿ ಬಂದು ಅವನ ಜನ್ಮ ಜಾಲಾಡಿದಳು. ಆಮೇಲೆ ಯಾರೂ ರಾಗಿ ತರಲಿಲ್ಲ. ಇಂಜಿನ್ ಮಾರಿಬಿಡುತ್ತೇನೆಂದು ಮೈದುನ ಮುಸುಕೆಳೆದು ಮಲಗಿದ. ಕಲ್ಲು ಮತ್ತೆ ಒಳಗೆ ಬರುತ್ತದೆಂಬ ಹೆದರಿಕೆಗೆ ನಾನು ಹಿತ್ತಿಲ ಕಡೆ ನೋಡುವುದನ್ನೇ ಬಿಟ್ಟೆ.

ಅರವತ್ತು ದಾಟಿದ್ದ ನಮ್ಮ ಅತ್ತೆ ಮಗನನ್ನು ಎಬ್ಬಿಸಿ, ತಾವೇ ಗಿರಣಿಯ ಬಾಗಿಲಲ್ಲಿ ಮಣೆ ಹಾಕಿ ಕುಳಿತರು. ಈ ವಯಸ್ಸಿನಲ್ಲಿ ಇವರಿಗೇಕೆ ವ್ಯಾಪಾರ ಎಂದು ಬೀದಿಯವರು ಆಡಿಕೊಂಡರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಣಸಿನಕಾಯಿ ಶನಿವಾರ ಮಾತ್ರ ಎಂದು ಕಟ್ಟುಮಾಡಿ, ನನ್ನನ್ನು ಕರೆದುಕೊಂಡು ಅಜ್ಜಿಯ ಮನೆಗೆ ನಡೆದರು. ಮೈದುನ ಹೋಗಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ. ತನ್ನ ಓರಗೆಯವಳಿಗೆ ಅಜ್ಜಿ ಎಲೆಅಡಿಕೆ ಕೊಟ್ಟಳು.

"ಅಕ್ಕಯ್ಯಾ, ಇಂಜಿನ್ ತಿರುಗ್ಸೋಕೆ ಅವ್ನ ರೆಟ್ಟೆ ಬೇಕು, ನನ್ ಕೈಲಾಗಲ್ಲ. ಮಿಕ್ಕಿದ್ದು ನಾನ್ ನೋಡ್ಕೊಂತೀನಿ," ಎಂದರು ಅತ್ತೆ. "ಖಾರ ಆಡ್ಸಿದ್ಮೇಲೆ ಮೊದ್ಲು ನಮ್ಮನೆ ರಾಗಿ ಹಾಕ್ತೀವಿ. ಆ ಮುದ್ದೆ ನಾವೇ ತಿಂತೀವಿ."

ಅಜ್ಜಿ ಇನ್ನೊಂದು ಎಲೆಗೆ ಸುಣ್ಣ ಸವರಿದಳು.

ಅತ್ತೆ ಆಡಿದಂತೆ ನಡೆದರು. ಶನಿವಾರ ಬಂತೆಂದರೆ ನಮ್ಮ ಮನೆಯಲ್ಲಿ ಖಾರದ ಮುದ್ದೆ. ಮೈದುನ ಮೂಗು ಒರೆಸಿಕೊಳ್ಳುತ್ತಾ ನುಂಗುವುದನ್ನು ಕಂಡು ಅಕ್ಕಪಕ್ಕದವರು ನಗುತ್ತಿದ್ದರು. ನಗುತ್ತಲೇ ಒಬ್ಬೊಬ್ಬರಾಗಿ ರಾಗಿ ತಂದರು. ಅಜ್ಜಿ ಮಾತ್ರ ಬರಲಿಲ್ಲ.

ಕೊನೆಗೂ ಬಂದಳು, ಅದೂ ಶನಿವಾರವೇ, ಸೊಸೆಯ ತಲೆಯ ಮೇಲೆ ರಾಗಿ ಕುಕ್ಕೆ ಹೊರಿಸಿಕೊಂಡು. ಖಾರದ ಸರದಿ ಮುಗಿದು ನಮ್ಮ ರಾಗಿ ಆಗಷ್ಟೇ ಹಿಟ್ಟಾಗಿತ್ತು. ಅಜ್ಜಿ ಆ ಹಿಟ್ಟನ್ನು ಚಿಟಿಕೆಯಷ್ಟು ನಾಲಿಗೆಗೆ ಹಾಕಿಕೊಂಡು ಮುಖ ಕಿವುಚಿದಳು.

"ಖಾರೆಲ್ಲಾ ಇದ್ರಾಗೇ ಐತೆ," ಎಂದಳು. "ಇನ್ನ ನಮ್ದು ಹಾಕಿ."

ಸೊಸೆ ಕುಕ್ಕೆ ಇಳಿಸಿ, ಜಡ್ಡುಗಟ್ಟಿದ ಎರಡೂ ಅಂಗೈ ನನಗೆ ತೋರಿಸಿ ನಕ್ಕಳು. ಅಂದಿನ ಮುದ್ದೆಗೆ ನನ್ನ ಕಣ್ಣು ಮೂಗು ಎಲ್ಲಾ ಸುರಿಯುತ್ತಿತ್ತು. ನಾನು ಇನ್ನೊಂದು ಹಾಕಿಸಿಕೊಂಡೆ.