ಇಂಗ್ಲಿಷ್ ಕಲಿಸಲು ಕಲಿತ ವರ್ಷ

ಚಲೇಜಾವ್ ಚಳವಳಿಯಲ್ಲಿ ನನ್ನ ಗಂಡನನ್ನು ಹಿಡಿದು ಯೆರವಡಾ ಜೈಲಿಗೆ ಹಾಕಿದಾಗ ನಾನು ಪುಣೆಯ ಹುಡುಗಿಯರ ಶಾಲೆಯೊಂದರಲ್ಲಿ ಕೆಳಗಿನ ತರಗತಿಗಳಿಗೆ ಪಾಠ ಹೇಳುತ್ತಿದ್ದೆ. ಧಾರವಾಡದಿಂದ ಮದುವೆಯಾಗಿ ಬಂದವಳು. ಗಂಡನ ಮನೆಯ ಮಾತೂ ಕನ್ನಡವೇ, ಮರಾಠಿಯನ್ನು ಪುಣೆಗೆ ಬಂದ ಮೇಲೆ ಕಲಿತಿದ್ದೆ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು.

ಅದೇ ಹೊತ್ತಿಗೆ ಶಾಲೆಯ ಇಂಗ್ಲಿಷ್ ಶಿಕ್ಷಕಿ ಕೆಲಸ ಬಿಟ್ಟರು. ಮುಖ್ಯಾಧ್ಯಾಪಿಕೆ ನನ್ನನ್ನು ಕರೆದು, ಇಂಗ್ಲಿಷ್ ಕಲಿಸುವ ತರಬೇತಿ ಮುಗಿಸಿದರೆ ಆ ಜಾಗ ನನ್ನದೇ ಎಂದರು. ಆಮೇಲೆ ದನಿ ತಗ್ಗಿಸಿ, ಜೈಲಿಗೆ ಹೋದವನ ಹೆಂಡತಿಯನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಆಡಳಿತ ಸಮಿತಿಯಲ್ಲಿ ಕೇಳುತ್ತಿದ್ದಾರೆ ಎಂದೂ ಹೇಳಿದರು. ನಾನು ಒಪ್ಪಿಕೊಂಡೆ.

ತರಬೇತಿ ಶನಿವಾರ ಮಧ್ಯಾಹ್ನ ನಡೆಯುತ್ತಿತ್ತು. ಕಲಿಸುವವರು ಕೋಟು, ಪಗಡಿ ಧರಿಸಿದ ವಯಸ್ಸಾದ ಗುರುಗಳು. ವ್ಯಾಕರಣ ಬಾಯಿಪಾಠ ಮಾಡಿಸುವುದನ್ನು ಬಿಡಿ, ಮಾಡಿ ತೋರಿಸುತ್ತ ಹೇಳಿ ಎಂಬುದು ಅವರ ಪದ್ಧತಿ. ತರಗತಿಯಲ್ಲಿ ತಾಯ್ನುಡಿಯ ಒಂದು ಶಬ್ದವೂ ಬಾಯಿಂದ ಬರಕೂಡದು. ಎದ್ದು ಹೋಗಿ ಬಾಗಿಲು ತೆರೆಯುತ್ತ "ಐ ಆಮ್ ಓಪನಿಂಗ್ ದ ಡೋರ್" ಎನ್ನಬೇಕು. ಜೊತೆಗೆ ಕಲಿಯುತ್ತಿದ್ದ ಅಷ್ಟು ಜನ ಗಂಡಸರ ಎದುರು ಮೊದಲ ಸಲ ಹಾಗೆ ಮಾಡುವಾಗ ನಾಚಿಕೆಯಿಂದ ಸತ್ತೇ ಹೋದೆ. ಬರಬರುತ್ತ ಅದು ಇಷ್ಟವಾಗತೊಡಗಿತು. ಗಂಡ ಜೈಲಿನಲ್ಲಿರುವಾಗ ನನಗೆ ಹೀಗೆ ಖುಷಿಯಾಗುತ್ತದಲ್ಲ ಎಂದು ಒಳಗೊಳಗೆ ಸಂಕಟವೂ ಆಗುತ್ತಿತ್ತು.

ನಾನು ಮನೆಯಲ್ಲಿ ಹೀಗೆ ಇಂಗ್ಲಿಷ್ ಅಭ್ಯಾಸ ಮಾಡುತ್ತಿದ್ದಾಗ ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

"ನನ್ನ ಮಗನ್ನ ಒಳಗ ಹಾಕಿದವರ ಮಾತು ಈ ಮನ್ಯಾಗ ಬ್ಯಾಡ."

"ನೌಕರಿ ಉಳೀಬೇಕಲ್ರಿ ಅತ್ತಿ."

"ಮೊದಲ ಅವನ್ನ ಕೇಳು."

ಕೇಳಲು ಹೋದೆ. ಜೈಲಿನ ಭೇಟಿಯಲ್ಲಿ ಅಧಿಕಾರಿಯೊಬ್ಬ ಪಕ್ಕದಲ್ಲೇ ಕೂರುತ್ತಿದ್ದ. ಅವನಿಗೆ ಕನ್ನಡ ತಿಳಿಯದು. ಆದ್ದರಿಂದ ಮರಾಠಿಯಲ್ಲೇ ಮಾತಾಡಬೇಕು. ಗಂಡ ಹೆಂಡತಿ ನಾವು ಅಲ್ಲಿಯ ತನಕ ಒಬ್ಬರೊಡನೊಬ್ಬರು ಮರಾಠಿ ಆಡಿದವರೇ ಅಲ್ಲ. ಪರಿಚಯವಿಲ್ಲದವರ ಹಾಗೆ ಅವರು ತಾಯಿಯ ಆರೋಗ್ಯ ಕೇಳಿದರು, ನಾನು ಹೇಳಿದೆ. ಆಮೇಲೆ ತರಬೇತಿಯ ಸುದ್ದಿ ಹೇಳಿದೆ. ಅವರ ಮುಖ ಬಿಗಿಯಿತು.

"ಅದನ್ನ ಬಿಟ್ಟಬಿಡು," ಎಂದರು, ಕನ್ನಡದಲ್ಲೇ.

ಅಧಿಕಾರಿ ಮೇಜು ಬಡಿದು, ಮರಾಠಿಯಲ್ಲಿ ಮಾತಾಡಿ ಎಂದು ಗದರಿದ. ನನ್ನ ಗಂಡ ಬಾಯಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ. ನಾನು ಸೇತುವೆ ದಾಟಿ ನಡೆದೇ ಮನೆಗೆ ಬಂದೆ. ಬಿಡು ಎಂದರು ಎಂಬುದನ್ನು ಅತ್ತೆಗೆ ಹೇಳಿದೆ. ಆದರೆ ಬಿಡಲಿಲ್ಲ, ಶನಿವಾರ ಮತ್ತೆ ತರಬೇತಿಗೆ ಹೋದೆ. ಆ ಶನಿವಾರದಿಂದ ಅತ್ತೆ ನನ್ನೊಡನೆ ಮಾತು ಕಡಿಮೆ ಮಾಡಿದರು.

ಕೊನೆಗೆ ನನ್ನ ಶಾಲೆಯಲ್ಲೇ ಪರೀಕ್ಷೆಯ ಪಾಠ ಬಂತು. ಗುರುಗಳು ಹಿಂದಿನ ಬೆಂಚಿನಲ್ಲಿ ಕೂತರು. ಹುಡುಗಿಯರು ಚೆನ್ನಾಗಿಯೇ ಹೇಳುತ್ತಿದ್ದರು. ಒಬ್ಬಳಿಗೆ ಕಿಟಕಿ ತೆರೆಯಲು ಇಂಗ್ಲಿಷಿನಲ್ಲಿ ಹೇಳಿದೆ. ಎದ್ದು ನಿಂತಳು, ಕದಲಲಿಲ್ಲ. ಅರ್ಥವಾಗಿತ್ತು, ಅದು ಅವಳ ಕಣ್ಣಲ್ಲೇ ಕಾಣುತ್ತಿತ್ತು. ಅವಳ ಅಣ್ಣನೂ ಯೆರವಡಾದಲ್ಲಿದ್ದ. ಮತ್ತೊಮ್ಮೆ ಹೇಳಿದೆ. ಅವಳ ತುಟಿ ನಡುಗಿತು. ನಾನು ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟು, "ಬಸ್ ಬಾಳ," ಎಂದೆ. ಕೂತುಕೋ ಮಗೂ ಎಂಬ ಮರಾಠಿಯ ಆ ಎರಡು ಶಬ್ದ ಗುರುಗಳಿಗೂ ಕೇಳಿಸಿತು. ಕಿಟಕಿಯನ್ನು ನಾನೇ ತೆರೆದು ಪಾಠ ಮುಂದುವರಿಸಿದೆ.

ಮರಾಠಿ ಯಾಕೆ ಬಂತು ಎಂದು ಗುರುಗಳು ಆಮೇಲೆ ಕೇಳಿದರು.

"ಇಂಗ್ಲಿಷಿನಲ್ಲಿ ಸಮಾಧಾನ ಹೇಳಲು ನನಗೆ ಬರುವುದಿಲ್ಲ," ಎಂದೆ.

ಅವರು ನನ್ನನ್ನು ಕೆಳಗಿನ ದರ್ಜೆಯಲ್ಲಿ ಪಾಸು ಮಾಡಿದರು. ನೌಕರಿ ಉಳಿಯಿತು.

ಗಂಡ ಬಿಡುಗಡೆಯಾಗಿ ಸೊರಗಿ ಮನೆಗೆ ಬಂದರು. ಒಂದು ದಿನವೂ ಬೈಯಲಿಲ್ಲ. ಸಂಜೆ ಶಾಲೆಯ ಹುಡುಗಿಯರು ಮನೆಗೆ ಇಂಗ್ಲಿಷ್ ಪಾಠಕ್ಕೆ ಬಂದರೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದರು. ವರ್ಷಗಳು ಹೀಗೆಯೇ ಹೋದವು.

ಸ್ವಾತಂತ್ರ್ಯ ಬಂದ ವಾರ ಊಟಕ್ಕೆ ಕೂತಾಗ ಕೇಳಿದರು: "ಇನ್ನರೆ ಇಂಗ್ಲಿಷ್ ಬಿಡ್ತಿಯೋ ಇಲ್ಲೋ?"

"ಇಲ್ರಿ."

"ಯಾಕ? ಇನ್ಯಾರ ಅಂಜಿಕಿ ಅದ ನಿನಗ?"

"ಅಂಜಿಕಿ ಅಲ್ರಿ. ಕಲಿಸೂದು ನನಗ ಭಾಳ ಸೇರತದ."

ಅದನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಅತ್ತೆ ಮಜ್ಜಿಗೆ ಬಡಿಸಿ ಒಳಗೆ ಹೋದರು.