ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ

ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳಿಗೆ ಇರಬೇಕಾದ ತಾಳ್ಮೆ ನನಗಿಲ್ಲ. ಸೊರಬದ ತವರಿನಲ್ಲಿದ್ದಾಗಲೇ ಸಿಟ್ಟು ಮೂಗಿನ ತುದಿಯಲ್ಲಿ. ಮದುವೆಯಾಗಿ ತಾಳಗುಂದದ ಹತ್ತಿರದ ಈ ಊರಿಗೆ ಬಂದ ಮೇಲೆ ಅದಕ್ಕೆ ತಕ್ಕ ಜೋಡಿ ಸಿಕ್ಕಿತು, ನಮ್ಮತ್ತೆ. ಅವರದು ನನಗಿಂತ ಒಂದು ಕೈ ಮೇಲು. ಬೆಳಿಗ್ಗೆ ಅವರು ರೊಟ್ಟಿ ತಟ್ಟುವಾಗ ನಾನು ಅಲ್ಲೇ ಕೂತು ಆವತ್ತಿನ ಪಾಠ ಗಟ್ಟಿಯಾಗಿ ಓದಿಕೊಳ್ಳುವುದು ರೂಢಿ. ರಕ್ತ ಪರಿಚಲನೆಯ ವಾರ ಅದು. ನಾವು ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡದ ಸ್ನಾಯು ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಅದಕ್ಕೇ ಅದನ್ನು ಎರಡನೇ ಹೃದಯ ಅನ್ನುತ್ತಾರೆ ಅಂತ ಓದಿದೆ. ಅತ್ತೆ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, ಎದೆಯಾಗಿರೋ ಒಂದನ್ನೇ ಸಂಭಾಳಿಸಾಕೆ ಆಗವಲ್ದು, ಕಾಲಾಗೂ ಒಂದು ಇಟ್ಟಾನಾ ಶಿವ ಅಂದರು. ನಾನು ನಕ್ಕು ಪುಸ್ತಕ ಮುಚ್ಚಿದೆ.

ಆ ಭಾನುವಾರ ಅವರು ಮೆಕ್ಕೆಜೋಳದ ಹೊಲದ ಬದುವಿಗೆ ಹುಲ್ಲು ಕೊಯ್ಯಲು ಹೋಗಿದ್ದರು. ಒಂಬತ್ತರ ಸುಮಾರಿಗೆ ಬಂದರು. ಹೊರೆಯನ್ನು ದನದ ಮುಂದೆ ಹಾಕಿ, ಕುಡುಗೋಲನ್ನು ಸೂರಿಗೆ ಸಿಗಿಸಿ, ಆಮೇಲೆ ಹೇಳಿದರು, ಕೊಳಕುಮಂಡಲ ಕಡೀತು ಅಂತ. ಅಬ್ಬಾ ಹೆಂಗಸೇ! ಹಾವು ಕಡಿಸಿಕೊಂಡು, ತಲೆ ಮೇಲೆ ಹೊರೆ ಹೊತ್ತು, ಅಷ್ಟು ದೂರ ನಡೆದು ಬಂದಿದ್ದರು. ಹಿಮ್ಮಡಿಯ ಮೇಲೆ ಎರಡು ಚುಕ್ಕಿ, ಅದರಿಂದ ರಕ್ತ ಒಸರುತ್ತಲೇ ಇತ್ತು.

ನಮ್ಮ ಕಡೆ ಹಾವು ಕಡಿದರೆ ಒಂದು ಕ್ರಮವಿದೆ. ಕಡಿದ ಜಾಗಕ್ಕಿಂತ ಮೇಲೆ ಬಿಗಿಯಾಗಿ ಕಟ್ಟಬೇಕು. ಬೇವಿನ ಸೊಪ್ಪು ಅಗಿಸಬೇಕು, ಕಹಿ ಹತ್ತಿದರೆ ವಿಷ ಏರಿಲ್ಲ ಅಂತ ಲೆಕ್ಕ. ಎಲ್ಲಕ್ಕಿಂತ ಮುಖ್ಯ, ಮಲಗಲು ಬಿಡಬಾರದು, ಅಂಗಳದಲ್ಲಿ ನಡೆಸುತ್ತಲೇ ಇರಬೇಕು. ಓಣಿಯ ಇಬ್ಬರು ಹೆಂಗಸರು ಅತ್ತೆಯ ರಟ್ಟೆ ಹಿಡಿದು ಆಗಲೇ ನಡೆಸತೊಡಗಿದ್ದರು. ನನ್ನ ಗಂಡ ಕಾಲಿಗೆ ಬಿಗಿಯಲು ದನದ ಕಣ್ಣಿ ಹಗ್ಗ ಬಿಚ್ಚಿಕೊಂಡು ಓಡಿ ಬಂದರು. ಸುಳ್ಳು ಯಾಕೆ ಹೇಳಲಿ, ಬೇವಿನ ಸೊಪ್ಪು ಕಿತ್ತು ಕೊಟ್ಟವಳು ನಾನೇ. ಹದಿನೈದು ವರ್ಷ ಪಾಠ ಹೇಳಿದ ತಲೆ ಆ ಗಳಿಗೆಯಲ್ಲಿ ಖಾಲಿ.

ಆಮೇಲೆ ಅತ್ತೆಯ ಕಾಲು ನೋಡಿದೆ. ಒಂದೊಂದು ಹೆಜ್ಜೆಗೂ ಮೀನಖಂಡ ಉಬ್ಬಿ ಇಳಿಯುತ್ತಿತ್ತು. ನಾನೇ ಗಟ್ಟಿಯಾಗಿ ಓದಿದ ಪಾಠ ಅಂಗಳದಲ್ಲಿ ನಡೆಯುತ್ತಿತ್ತು, ವಿಷವನ್ನು ಮೇಲಕ್ಕೆ ತಳ್ಳುತ್ತ. ಗಂಡನ ಕೈಯಿಂದ ಕಣ್ಣಿ ಕಿತ್ತು ತಿಪ್ಪೆಗೆ ಎಸೆದೆ. ಹೊರಸು ತನ್ನಿ, ಮಲಗಿಸಿ ಎಂದು ಕೂಗಿದೆ. ನನ್ನ ಗಂಡ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ಸಡಿಲವಾಗಿ ಕಟ್ಟಿದರೆ ಹೆಂಗೆ ಅಂದರು. ಕಟ್ಟೋದೇ ಬೇಡ ಅಂತ ನಾನೇ ಒಳಗಿನಿಂದ ಹೊರಸು ಎಳೆದು ತಂದೆ.

ಅತ್ತೆ ಮಲಗಲು ಒಪ್ಪಲಿಲ್ಲ. ಹಗಲು ಹೊತ್ತಿನಲ್ಲಿ ಅವರು ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲ, ಈಗಂತೂ ಮಲಗಿದರೆ ಏಳುವುದಿಲ್ಲ ಅಂತ ಅವರಿಗೆ ಖಾತ್ರಿ. ಓಣಿಯವರು ನನ್ನನ್ನೇ ನೋಡುತ್ತಿದ್ದರು. ಹೆಚ್ಚುಕಮ್ಮಿಯಾದರೆ, ಕಟ್ಟಲೂ ಬಿಡದೆ ಸೊಸೆಯೇ ಕೊಂದಳು ಅನ್ನುವವರು. ನಾನು ಅತ್ತೆಯ ಎದುರು ಮಣ್ಣಿನಲ್ಲಿ ಕೂತೆ.

"ಅತ್ತೆ, ನೀವಿಡೋ ಒಂದೊಂದು ಹೆಜ್ಜೆಗೂ ವಿಷ ಮೇಲೆ ಬರ್ತಾ ಇದೆ. ಬೇಕಾದ್ರೆ ನಿಮ್ಮ ಕಾಲಿಗೆ ಬೀಳ್ತೀನಿ, ಆದರೆ ಆ ಕಾಲು ಅಲ್ಲಾಡಿಸ್ಬೇಡಿ."

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಗೊಣಗಿಕೊಂಡು ಹೊರಸಿನ ಮೇಲೆ ಒರಗಿದರು. ಕಾಲಿಗೆ ಒಂದು ಉದ್ದನೆಯ ಛತ್ರಿಯನ್ನು ಆಸರೆ ಕೊಟ್ಟು, ಅಲುಗದಿರಲಿ ಅಂತ ಹಳೇ ಸೀರೆಯ ತುಂಡಿನಿಂದ ಸಡಿಲವಾಗಿ ಸುತ್ತಿದೆ. ಪಕ್ಕದ ಮನೆಯ ಗೂಡ್ಸ್ ಗಾಡಿಗೆ ಹೊರಸನ್ನೇ ಎತ್ತಿಟ್ಟೆವು. ಶಿಕಾರಿಪುರ ಮುಟ್ಟುವಷ್ಟರಲ್ಲಿ ಕಾಲು ಮೊಣಕಾಲಿನವರೆಗೆ ಊದಿತ್ತು, ವಸಡಿನಲ್ಲಿ ರಕ್ತ ಕಾಣಿಸಿತು.

ಆಸ್ಪತ್ರೆಯ ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಅತ್ತೆಯ ರಕ್ತವನ್ನು ಒಂದು ಗಾಜಿನ ನಳಿಕೆಗೆ ಹಾಕಿ ಮೇಜಿನ ಮೇಲೆ ನೆಟ್ಟಗೆ ಇಟ್ಟರು. ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು, ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಸೇರಿದೆ ಅಂತ ಅರ್ಥ ಅಂದರು. ರಕ್ತ ಹೆಪ್ಪುಗಟ್ಟುವುದನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆಸಿಲ್ಲ ನಾನು! ಕಿರುತಟ್ಟೆಗಳು, ನೂಲಿನಂಥ ಫೈಬ್ರಿನ್, ಬಲೆ. ಆವತ್ತು ಒಂದು ಜೀವ ಆ ಬಲೆಗಾಗಿ ಕಾಯುತ್ತಿತ್ತು. ಹೊತ್ತಾದ ಮೇಲೆ ಅವರು ನಳಿಕೆ ವಾಲಿಸಿದರು. ರಕ್ತ ಕೆಂಪು ನೀರಿನಂತೆ ಹರಿದಾಡಿತು.

ತಕ್ಷಣ ವಿಷಕ್ಕೆ ಪ್ರತಿಯಾದ ಔಷಧಿಯ ಡ್ರಿಪ್ ಏರಿಸಿದರು. ಏನದು ಅಂತ ಅತ್ತೆ ಕೇಳಿದರು, ಆ ಸ್ಥಿತಿಯಲ್ಲೂ. ಕುದುರೆಗೆ ಹಾವಿನ ವಿಷವನ್ನು ಚೂರು ಚೂರೇ ಕೊಡ್ತಾರೆ, ಅದರ ಮೈ ವಿಷದ ವಿರುದ್ಧ ಕಾದಾಡೋ ಪ್ರತಿಕಾಯ ತಯಾರಿಸುತ್ತೆ, ಅದನ್ನೇ ತೆಗೆದು ನಿಮಗೆ ಹಾಕ್ತಿದಾರೆ ಅಂದೆ. ನಮ್ಮ ಮೈ ತಾನೇ ಮಾಡಿಕೊಳ್ಳೋ ಹೊತ್ತಿಗೆ ತಡವಾಗಿಬಿಡುತ್ತೆ, ಅದಕ್ಕೇ ಪಕ್ಕದ ಮನೆಯಿಂದ ಮೊಸರು ಕಡ ತಂದ ಹಾಗೆ ಅಂತ ಸೇರಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಪಾಠ ನಿಲ್ಲಿಸಿದರೆ ಅತ್ತುಬಿಡುತ್ತೇನೆ ಅನ್ನಿಸಿ ನಾನು ಬಿಳಿ ರಕ್ತಕಣಗಳವರೆಗೂ ಹೇಳಿದೆ.

ಆರು ಗಂಟೆ ಬಿಟ್ಟು ಮತ್ತೊಂದು ನಳಿಕೆ, ಮತ್ತೆ ಇಪ್ಪತ್ತು ನಿಮಿಷ. ಗಂಡ ಹೊರಗೆ ಹೋಗಿ ನಿಂತರು. ನಾನು ಕಣ್ಣು ಮಿಟುಕಿಸಲಿಲ್ಲ. ಡಾಕ್ಟರಮ್ಮ ನಳಿಕೆಯನ್ನು ಮೆಲ್ಲಗೆ ವಾಲಿಸಿದರು, ಅಲುಗಲಿಲ್ಲ. ಪೂರಾ ತಲೆಕೆಳಗು ಮಾಡಿದರು. ಕೆಂಪು ಗಟ್ಟಿಯಾಗಿ ತಳಕ್ಕೆ ಕಚ್ಚಿಕೊಂಡಿತ್ತು. ನಾನು ವಾರ್ಡಿನಲ್ಲೇ ಚಪ್ಪಾಳೆ ಹೊಡೆದೆ, ಹೊಡೆಯುತ್ತಲೇ ಅತ್ತುಬಿಟ್ಟೆ. ಜನ್ಮದಲ್ಲಿ ಅಷ್ಟು ಸಂತೋಷಪಟ್ಟಿದ್ದು ನೆನಪಿಲ್ಲ. ಕಣ್ಣಿ ಬಿಗಿದಿದ್ದರೆ ಕಾಲೇ ಹೋಗುವ ಸಂಭವವಿತ್ತು, ಅಲುಗಿಸದೆ ಬೇಗ ತಂದಿದ್ದು ಒಳ್ಳೆಯದಾಯಿತು ಅಂತ ಡಾಕ್ಟರಮ್ಮ ಒಳಗೆ ಓಡಿಬಂದ ನನ್ನ ಗಂಡನಿಗೆ ಹೇಳಿದರು. ಗಂಡ ತಲೆ ಕೆರೆದುಕೊಂಡು ನನ್ನ ಕಡೆ ನೋಡಿ ನಕ್ಕರು.

ಊತ ಇಳಿಯಲು ಮೂರು ವಾರ ಹಿಡಿಯಿತು. ಆ ಹೊತ್ತಿಗೆ ತರಗತಿಯಲ್ಲಿ ರೋಗನಿರೋಧಕ ಶಕ್ತಿಯ ಪಾಠ ಬಂದಿತ್ತು, ಬೆಳಿಗ್ಗೆ ಅತ್ತೆಯ ಹಂಚಿನ ಮುಂದೆ ಅದನ್ನೇ ಓದಿಕೊಳ್ಳುತ್ತಿದ್ದೆ. ಒಂದು ದಿನ ಮಧ್ಯಾಹ್ನ ಊಟದ ಬಿಡುವು ಮುಗಿದು ಬೆಲ್ಲು ಹೊಡೆದ ಮೇಲೆ ನೋಡುತ್ತೇನೆ, ಬಾಗಿಲಲ್ಲಿ ಅತ್ತೆ! ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು, ಮನೆಯಿಂದ ನಡೆದೇ ಬಂದಿದ್ದಾರೆ. ಮಕ್ಕಳಿಗೆ ಪರಿಚಯ ಮಾಡಿಸಲು ಬಾಯಿ ತೆರೆದೆ.

"ನೀ ಕುಂದ್ರು. ಕಡಿಸ್ಕಂಡಾಕಿ ನಾನು."

ಹೋಗಿ ಹುಡುಗಿಯರ ಮೊದಲ ಬೆಂಚಿನಲ್ಲಿ ಕೂತೆ. ಅವರು ಸೀರೆ ಒಂದು ಗೇಣು ಎತ್ತಿ ಕಲೆ ತೋರಿಸಿದರು. ಕಟ್ಟಬಾರದು ಯಾಕೆ, ನಡೆಸಬಾರದು ಯಾಕೆ, ಕುದುರೆ ಏನು ಕೊಟ್ಟಿತು, ಎಲ್ಲವನ್ನೂ ಒಂದೂ ತಪ್ಪಿಲ್ಲದೆ ಹೇಳಿದರು. ಇನ್ನು ನಿಮಗೆ ಹಾವು ಕಡಿದರೂ ಏನೂ ಆಗಲ್ಲ ಅಲ್ವಾ ಅಜ್ಜಿ ಅಂತ ಒಬ್ಬಳು ಕೇಳಿದಳು.

ಆಗದೇ ಏನು, ಅದು ಕುದುರೀದು, ನಂದಲ್ಲ, ಮೈಯಾಗೆ ಬಾಳ ದಿನ ಉಳಿಯಂಗಿಲ್ಲ ಅಂದರು ಅತ್ತೆ. ಹಾಗಾದರೆ ಮತ್ತೆ ಕಡಿದರೆ ಏನ್ಮಾಡ್ತೀರಿ ಅಂತ ಅವಳು ಬಿಡಲಿಲ್ಲ.

"ಎಲ್ಲಿದ್ರೆ ಅಲ್ಲೇ ಮಲಗ್ತೀನಿ. ನಮ್ಮ ಸೊಸಿ ಅದಾಳಲ್ಲ, ಬರ್ತಾಳೆ."